ಎಡಗಡೆಯ ಅಂಚು

"ಆಮೇಲೆ ಸರಿ ಮಾಡ್ಕೊಂಡ್ರಾಯ್ತು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮಾವನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಗಿರಾಕಿ ಅಂದರೂ ಅಷ್ಟೆ, ಹೆತ್ತ ಮಗ ಅಂದರೂ ಅಷ್ಟೆ.

"ಆಮೇಲೆ ಅಂದ್ರೆ ಯಾವಾಗ ಸ್ವಾಮಿ? ತಲೆ ಕೆದರಿದೆ, ಆಮೇಲೆ. ಕಾಲರ್ ಮಡಚ್ಕೊಂಡಿದೆ, ಆಮೇಲೆ. ಮುಖದಲ್ಲಿ ಕಳೆ ಇಲ್ಲ, ಅದೂ ಆಮೇಲೆ! ಕನ್ನಡಿ ಅಲ್ಲೇ ಇದೆ, ಬಾಚಣಿಗೆ ದಾರಕ್ಕೆ ಕಟ್ಟಿಟ್ಟಿದೀನಿ. ಹೋಗಿ ಬಾಚ್ಕೊಂಡು ಬನ್ನಿ."

ಗಿರಾಕಿಗಳು ಗೊಣಗುತ್ತಲೇ ಎದ್ದು ಹೋಗಿ ಬಾಚಿಕೊಂಡು ಬರುತ್ತಿದ್ದರು. ಬಂದು ಸ್ಟೂಲಿನ ಮೇಲೆ ಕೂತವರ ಗಲ್ಲವನ್ನು ಮಾವ ಎರಡು ಬೆರಳಲ್ಲಿ ಹಿಡಿದು ಒಂದು ಕೂದಲೆಳೆಯಷ್ಟು ಎತ್ತುತ್ತಿದ್ದರು. ದೀಪದ ಕೊಡೆಯನ್ನು ಗೇಣು ಹಿಂದಕ್ಕೆ ಸರಿಸುತ್ತಿದ್ದರು. ಆಮೇಲೆ ಕ್ಯಾಮೆರಾದ ಹಿಂದೆ ಬಗ್ಗಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿಂಡಿಗೆ ಒತ್ತಿ ಸುಮ್ಮನೆ ಕಾಯುತ್ತಿದ್ದರು. ಕೂತವರು ನಗುವುದನ್ನು ತಡೆಹಿಡಿದು ಹಿಡಿದು ಸಾಕಾಗಿ, ಇನ್ನೇನು ಎದ್ದೇ ಹೋಗೋಣ ಅಂದುಕೊಂಡು ಉಸಿರು ಬಿಡುತ್ತಾರಲ್ಲ, ಹೆಗಲು ಇಳಿಯುತ್ತದಲ್ಲ, ಆಗ ಟಕ್ ಎನ್ನುವುದು. ಒಂದೇ ಸಲ. ಫೋನಿನಲ್ಲಿ ಮಳೆ ಸುರಿದ ಹಾಗೆ ಒತ್ತಿ ಒತ್ತಿ, ಬೆರಳಲ್ಲಿ ಉಜ್ಜಿ ಉಜ್ಜಿ ಬೆಳ್ಳಗಾಗುವ ಈ ಕಾಲದಲ್ಲಿ ಅಂಥ ಒಂದು ಟಕ್ಕಿಗಾಗಿ ಜನ ಇನ್ನೂ ಆ ಸ್ಟುಡಿಯೋ ಹುಡುಕಿಕೊಂಡು ಬರುತ್ತಿದ್ದರು.

ಸ್ಟುಡಿಯೋ ಅಂದರೆ ಏನು ಮಹಾ? ಮುಂದೆ ಒಂದು ಕೌಂಟರು, ನಡುವೆ ಪರದೆ ಇಳಿಬಿಟ್ಟ ಕೋಣೆ, ಹಿಂದೆ ಮೆಟ್ಟಿಲ ಕೆಳಗೆ ಸಿಕ್ಕಿಹಾಕಿಕೊಂಡ ಒಂದು ಗೂಡು. ಆ ಗೂಡಿನಲ್ಲಿ ಕಂಪ್ಯೂಟರು, ಪ್ರಿಂಟರು, ಒಂದು ಫ್ಯಾನು, ಸೊಸೆ. ಮಾವ ಅದಕ್ಕೆ ಇಟ್ಟಿದ್ದ ಹೆಸರು ಆಸ್ಪತ್ರೆ.

"ಕೈಕಾಲು ಮುರಿದ ಫೋಟೋಗಳಿಗೆ ನಮ್ಮ ಸೊಸೆ ಹತ್ರ ಆಸ್ಪತ್ರೆ ಇದೆ" ಎಂದು ಬಂದವರೆದುರಿಗೆಲ್ಲ ಹೇಳುವರು. "ಆದ್ರೆ ನೋಡಿ, ನಾನು ತೆಗೆದ ಫೋಟೋಗೆ ಇವತ್ತಿನವರೆಗೆ ಅಲ್ಲಿ ಒಂದು ಮಾತ್ರೆ ಬೇಕಾಗಿಲ್ಲ. ಸುಮ್ನೆ ಪ್ರಿಂಟ್ ಆಗಿ ಹೊರಗೆ ಬರೋದು, ಅಷ್ಟೇ. ಏನಮ್ಮಾ, ಸುಳ್ಳಾ?"

"ಇಲ್ಲ ಮಾವ" ಎಂದು ಗೂಡಿನೊಳಗಿಂದ ಸೊಸೆ.

ಸುಳ್ಳಾಗಿ ಬಹಳ ದಿನವಾಗಿತ್ತು.

ಶುರುವಾದದ್ದು ಒಂದು ಶಾಲೆಯ ಮಾಸ್ತರರ ಗುಂಪಿನಿಂದ. ಸಾಲಾಗಿ ಕುರ್ಚಿ ಹಾಕಿಸಿ, ಹಿಂದೆ ಬೆಂಚು ಹತ್ತಿಸಿ, ಹೆಡ್‌ಮಾಸ್ತರಿಗೂ "ಹೊಟ್ಟೆ ಒಳಗೆ ಎಳ್ಕೊಳಿ" ಎಂದು ಗದರಿ ತೆಗೆದ ಫೋಟೋ. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಎಡಗಡೆ ತುದಿಯಲ್ಲಿ ನಿಂತಿದ್ದ ಡ್ರಾಯಿಂಗ್ ಮಾಸ್ತರಿಗೆ ಅರ್ಧ ಮುಖವೇ ಇಲ್ಲ. ಯಾರೋ ಸ್ಟ್ಯಾಂಡಿಗೆ ಕಾಲು ತಗುಲಿಸಿರಬೇಕು ಅಂದುಕೊಂಡಳು. ಅದೃಷ್ಟಕ್ಕೆ ಇದು ಎರಡನೆಯದು, ಮೊದಲನೆಯದರಲ್ಲಿ ಹೆಡ್‌ಮಾಸ್ತರು ಕಣ್ಣು ಪಿಳುಕಿಸಿದ್ದರು. ಆದರೆ ಅದರಲ್ಲಿ ಡ್ರಾಯಿಂಗ್ ಮಾಸ್ತರ ಮುಖ ಪೂರ್ತಿ ಇತ್ತು. ಎತ್ತಿ ತಂದು ಇಲ್ಲಿ ಕೂಡಿಸಿ, ಹಿಂದಿನ ಗೋಡೆಯನ್ನು ಸ್ವಲ್ಪ ಎಳೆದು ಹಿಗ್ಗಿಸಿದಳು. ಯಾರ ಅಪ್ಪನಿಗೂ ಗೊತ್ತಾಗಲಿಲ್ಲ.

ಆವತ್ತೇ ಹೇಳಬಹುದಿತ್ತು. ಹೇಳೋಣ ಎಂದು ಎದ್ದೂ ಇದ್ದಳು. ಹೊರಗೆ ಮಾವ ಹೆಡ್‌ಮಾಸ್ತರ ಹೊಟ್ಟೆಯ ಕಥೆಯನ್ನು ಪಕ್ಕದ ಟೈಲರಿಗೆ ಅಭಿನಯ ಮಾಡಿ ತೋರಿಸುತ್ತ ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆ ಹೋದ ಮೇಲೆ ಆ ಮನುಷ್ಯ ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ವಾಪಸ್ಸು ಬಂದು ಕೂತಳು.

ಅಲ್ಲಿಂದ ಮುಂದೆ ಎಡಗಡೆಯ ಅಂಚು ಅವಳ ಪಾಲಿಗೆ ಬಂತು. ಒಮ್ಮೆ ಯಾರದೋ ಮೊಣಕೈ ಹಾರಿಹೋಗಿರುತ್ತಿತ್ತು, ಒಮ್ಮೆ ಕುರ್ಚಿಯ ಕಾಲು, ಒಮ್ಮೆ ಒಂದು ಇಡೀ ಕೂಸಿನ ಬೆನ್ನು. ಅವಳು ಹುಷಾರಾದಳು. ಗುಂಪು ಬಂದಾಗಲೆಲ್ಲ ಪರದೆಯ ಸಂದಿಯಿಂದ ತಲೆ ಹಾಕಿ, "ಮಾವ, ಆ ಅಕ್ಕ ಕಣ್ಣು ಮುಚ್ಚಿದ್ರು ಅನ್ಸತ್ತೆ, ಇನ್ನೊಂದು ತೆಗೀರಿ" ಅನ್ನುವಳು. ಇನ್ನೊಂದರಲ್ಲಿ ಸಿಕ್ಕಿದ್ದನ್ನು ಇದಕ್ಕೆ ಅಂಟಿಸುವಳು.

ಮಾವನಿಗೆ ಇದು ಹೇಗೆ ತಿಳಿಯಲಿಲ್ಲ ಅಂದರೆ, ಕ್ಯಾಮೆರಾದ ಬೆನ್ನಿಗೆ ಫೋಟೋ ತೋರಿಸುವ ಪರದೆ ಇರುತ್ತದಲ್ಲ, ಅದರ ಮೇಲೆ ಅವರು ಕಪ್ಪು ಟೇಪು ಅಂಟಿಸಿಬಿಟ್ಟಿದ್ದರು. ಕ್ಯಾಮೆರಾ ತಂದ ದಿನವೇ. "ಒತ್ತೋದು, ಬಗ್ಗಿ ನೋಡೋದು, ಒತ್ತೋದು, ಬಗ್ಗಿ ನೋಡೋದು. ಕೋಳಿ ಕಾಳು ಹೆಕ್ಕಿದ ಹಾಗೆ! ತೆಗೆಯೋವಾಗ ನೋಡಿದ್ರೆ ತೆಗೆದ ಮೇಲೆ ಯಾಕೆ ನೋಡ್ಬೇಕು?" ಹೀಗಾಗಿ ಅವರು ತಮ್ಮ ಫೋಟೋ ನೋಡುತ್ತಿದ್ದುದು ಸೊಸೆ ಪ್ರಿಂಟ್ ಮಾಡಿ ಕೈಗಿಟ್ಟ ಮೇಲೆ. ನೋಡಿ, ಕೈದೂರಕ್ಕೆ ಹಿಡಿದು, "ಹ್ಞಾಂ" ಅನ್ನುವರು. ಆ ಒಂದು ಹ್ಞಾಂಗಾಗಿ ಅವಳು ಗಂಟೆಗಟ್ಟಲೆ ಮೊಣಕೈ ಹೊಲಿಯುತ್ತಿದ್ದಳು.

ಯಾಕೆ ಹೊಲಿಯುತ್ತಿದ್ದಳು ಅನ್ನುವುದಕ್ಕೆ ಅವಳ ಹತ್ತಿರ ಕಾರಣ ಇತ್ತು. ತವರಿನಲ್ಲಿ ಅವಳ ಕೈಗೆ ಯಾರೂ ಒಂದು ಗಾಜಿನ ಲೋಟ ಸಹ ನಂಬಿ ಕೊಟ್ಟವರಲ್ಲ. ಈ ಮನೆಗೆ ಕಂಪ್ಯೂಟರು ಬಂದಾಗ ಅವಳ ಗಂಡ "ನಂಗೆ ಬಸ್ಸಿನ ಸ್ಟಿಯರಿಂಗೇ ಸಾಕು, ಇದೆಲ್ಲ ಬೇಡ" ಎಂದು ಡ್ಯೂಟಿಗೆ ಹೋಗಿಬಿಟ್ಟಿದ್ದ. ಮಾವ ಅಡಿಗೆಮನೆಯ ಬಾಗಿಲಿಗೆ ಬಂದು, "ನೀನು ಬಾಮ್ಮ, ನೀನು ಕೂತ್ಕೋ" ಅಂದಿದ್ದರು. "ಕೆಟ್ಟುಹೋದ್ರೆ ಮಾವ?" ಅಂದದ್ದಕ್ಕೆ, "ಕೆಡ್ಲಿ ಬಿಡು, ಅದೇನು ಹಾಲಾ? ಬೆಳಗಾದ್ರೆ ಮತ್ತೆ ಶುರು ಮಾಡು" ಅಂದಿದ್ದರು. ಅಂಥವರ ತಪ್ಪನ್ನು ಹಿಡಿದು ತೋರಿಸುವುದಕ್ಕೆ ಅವಳೇನು ಕಲ್ಲೇ?

ಹೀಗಿರುವಾಗ ಒಂದು ದಿನ ಮಾವ ತಮ್ಮ ಓದುವ ಕನ್ನಡಕದ ಮೇಲೆ ತಾವೇ ಕೂತರು. ಕೂತದ್ದು ತಾವು, ಬೈದದ್ದು ಕುರ್ಚಿಗೆ. ಹೊಸ ಕನ್ನಡಕ ಮಾಡಿಸಲು ಸೊಸೆಯೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಅಕ್ಷರ ಓದಿಸಿದರು, ಕಣ್ಣಿಗೆ ಗಾಳಿ ಊದಿದರು, ಆಮೇಲೆ ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖ ಇಡಿಸಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಿ, ಸುತ್ತ ಎಲ್ಲಿ ಬೆಳಕು ಮಿಣುಕಿದರೂ ಗುಂಡಿ ಒತ್ತಿ ಅಂದರು. ಮಾವ ಒತ್ತಿದರು. ಒತ್ತಬೇಕಾದ ಕಡೆಯೆಲ್ಲ ಒತ್ತಲಿಲ್ಲ.

ಡಾಕ್ಟರು ನಡುವಯಸ್ಸಿನ ಹೆಂಗಸು. ಕಾಗದವನ್ನು ಮುಂದಿಟ್ಟುಕೊಂಡು ನಿಧಾನವಾಗಿ ಹೇಳಿದರು. "ಕಣ್ಣೊಳಗಿನ ಒತ್ತಡ ಜಾಸ್ತಿ ಆಗಿದೆ. ಗ್ಲಾಕೋಮಾ ಅಂತಾರೆ. ನೋವಿರಲ್ಲ, ಕೆಂಪಾಗಲ್ಲ, ಸುಮ್ನೆ ಒಳಗಿಂದ ನರ ಸಾಯ್ತಾ ಬರತ್ತೆ. ನಿಮಗೆ ಬಲಗಣ್ಣಲ್ಲಿ ಎಡಗಡೆ ಭಾಗ ಹೋಗಿದೆ. ಎಡಗಣ್ಣು ಇನ್ನೂ ಚೆನ್ನಾಗಿದೆ. ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ಉಳಿಸ್ಕೋಬಹುದು, ದಿನಾ ಡ್ರಾಪ್ಸ್ ಹಾಕಿದ್ರೆ. ಬಿಟ್ರೆ ಎರಡೂ ಕಣ್ಣು ಹೋಗತ್ತೆ."

"ನಂಗೆಲ್ಲಾ ಕಾಣತ್ತಲ್ಲಮ್ಮ!"

"ಕಾಣತ್ತೆ. ಎರಡು ಕಣ್ಣು ಬಿಟ್ಟಾಗ ಒಂದರ ಕೊರತೆ ಇನ್ನೊಂದು ಮುಚ್ಚತ್ತೆ. ಒಂದೇ ಕಣ್ಣಲ್ಲಿ ನೋಡಿದ್ರೂ ಅಲ್ಲಿ ಕಪ್ಪು ತೂತೇನೂ ಕಾಣಲ್ಲ. ಪಕ್ಕದಲ್ಲಿರೋದನ್ನೇ ಎಳೆದು ಮೆದುಳು ಆ ಜಾಗ ತುಂಬಿಬಿಡತ್ತೆ. ನೀವು ಫೋಟೋ ಕೆಲಸದವರು ಅಂದ್ರಲ್ಲ, ನಿಮಗೆ ಎಲ್ಲರಿಗಿಂತ ಮುಂಚೆ ಗೊತ್ತಾಗ್ಬೇಕಿತ್ತು. ಬಲಗಣ್ಣಲ್ಲೇ ಅಲ್ವಾ ನೋಡೋದು? ಫೋಟೋದಲ್ಲಿ ಎಡಗಡೆ ಜನ ತಪ್ಪಿ ಹೋಗ್ತಿರ್ಲಿಲ್ವಾ?"

ಮಾವ ಎದ್ದು ನಿಂತರು. "ಬಂದು ನೋಡಿ. ನಮ್ಮ ಸ್ಟುಡಿಯೋಗೆ ಬಂದು ಯಾವ ಫೋಟೋ ಬೇಕಾದ್ರೂ ತೆಗೆದು ನೋಡಿ. ಒಂದು ಬೆರಳು, ಒಂದೇ ಒಂದು ಬೆರಳು ತಪ್ಪಿದ್ರೆ ನಾನು ಕ್ಯಾಮೆರಾ ಮುಟ್ಟಲ್ಲ. ನಿಮ್ಮ ಬೋಗುಣಿ ಕೆಟ್ಟಿದೆ ತಾಯಿ, ರಿಪೇರಿ ಮಾಡಿಸಿ."

ಸೊಸೆ ಕೈಚೀಲದ ಹಿಡಿಯನ್ನು ಹಿಂಡುತ್ತ ಕೂತಿದ್ದಳು. ಪಕ್ಕದಲ್ಲಿರುವುದನ್ನು ಎಳೆದು ತೂತು ಮುಚ್ಚುವುದು. ಅದು ಅವಳ ಕೆಲಸ. ಮಾವನ ತಲೆಯೊಳಗೆ ಒಬ್ಬಳು ಕೂತು ಮಾಡುತ್ತಿದ್ದುದನ್ನೇ ತಲೆಯ ಹೊರಗೆ ಇವಳು ಕೂತು ಮಾಡಿದ್ದಳು. ಇಬ್ಬರೂ ಸೇರಿ ಆ ಮನುಷ್ಯನ ಕಣ್ಣು ತಿಂದಿದ್ದರು.

ಡ್ರಾಪ್ಸಿನ ಸೀಸೆ ಕೌಂಟರಿನ ಡ್ರಾಯರಿಗೆ ಬಿತ್ತು, ಸೀಲೂ ಒಡೆಯಲಿಲ್ಲ. "ಹಾಕ್ಕೊಳಿ ಮಾವ" ಅಂದರೆ "ಚೆನ್ನಾಗಿರೋ ಕಣ್ಣಿಗೆ ಯಾಕೆ ಔಷಧಿ ಸುರೀಬೇಕು? ನಾನೇನು ಗಿಡವಾ?" ಅನ್ನುವರು. ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ತಲೆ ಮೇಲೆ ಕೈ ಹೊತ್ತು ಕೂತ.

"ಫೋಟೋ ವಿಷಯ ಮಾತ್ರ ಅಪ್ಪನಿಗೆ ಹೇಳ್ಬೇಡ ಕಣೇ. ಕುಸಿದು ಹೋಗ್ತಾರೆ. ಬೇಕಾದ್ರೆ ಹೀಗೆ ಮಾಡೋಣ, ಮಧ್ಯಾಹ್ನ ಮಲಗಿರ್ತಾರಲ್ಲ, ಆಗ ಮೆಲ್ಲಗೆ ರೆಪ್ಪೆ ಎತ್ತಿ ಬಿಟ್ಬಿಡೋಣ."

"ಏನ್ರೀ, ಬಸ್ಸಿಗೆ ಡೀಸೆಲ್ ಹಾಕೋದಾ ಇದು?" ಎಂದು ಅವಳು ಸಿಡುಕಿದಳು. "ಅವರಿಗೆ ಗೊತ್ತಾಗದ ಹಾಗೆ ಮುಚ್ಚಿ ಮುಚ್ಚಿಯೇ ಇಲ್ಲಿಗೆ ಬಂದಿದೀವಿ. ಇನ್ನೂ ಮುಚ್ಚಬೇಕಾ?"

ಆ ವಾರ ತರಕಾರಿ ಅಂಗಡಿಯವರ ಕುಟುಂಬ ಫೋಟೋ ತೆಗೆಸಿಕೊಳ್ಳಲು ಬಂತು. ನಡುವೆ ಕುರ್ಚಿಯಲ್ಲಿ ಅಜ್ಜಿ, ಬಲಕ್ಕೆ ಮಗ, ಅವನ ಹೆಂಡತಿ, ಎರಡು ಮಕ್ಕಳು, ಎಡಕ್ಕೆ ಅಜ್ಜಿಯ ದೊಡ್ಡ ಮಗಳು. ಮಾವ ಅಜ್ಜಿಯ ಕನ್ನಡಕ ಒರೆಸಿಕೊಟ್ಟು, ಮಕ್ಕಳ ಮೂಗು ಒರೆಸಲು ಹೇಳಿ, ಕಾದು ಕಾದು ಟಕ್ ಅನ್ನಿಸಿದರು. ಸೊಸೆ ಈ ಸಲ ಪರದೆಯ ಸಂದಿಯಿಂದ ತಲೆ ಹಾಕಲಿಲ್ಲ. ಇನ್ನೊಂದು ತೆಗೀರಿ ಅನ್ನಲಿಲ್ಲ. ಗೂಡಿನಲ್ಲಿ ಫೋಟೋ ತೆರೆದಳು. ದೊಡ್ಡ ಮಗಳಿಗೆ ಒಂದೇ ಕಣ್ಣು, ಒಂದೇ ಹೆಗಲು. ಮೌಸಿನ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಏನೂ ಮುಟ್ಟಲಿಲ್ಲ. ಹಾಗೆಯೇ ಪ್ರಿಂಟ್ ಕೊಟ್ಟಳು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದ ಮೇಲೆ ಅದನ್ನು ತಂದು ಮಾವನ ಮುಂದಿಟ್ಟಳು.

ಮಾವ ಕೈದೂರಕ್ಕೆ ಹಿಡಿದರು. ಹತ್ತಿರ ತಂದರು. ಮತ್ತೆ ದೂರ ಹಿಡಿದರು.

"ಏನಮ್ಮಾ ಇದು? ಕತ್ತರಿಸಿಬಿಟ್ಟಿದೀಯಲ್ಲ! ದೊಡ್ಡ ಮಗಳನ್ನ ಅರ್ಧಕ್ಕೆ ಸೀಳಿದೀಯಲ್ಲ!"

"ನಾನು ಕತ್ತರಿಸಿಲ್ಲ ಮಾವ."

"ಮತ್ತೆ ಇವಳೇ ಓಡಿಹೋದ್ಳಾ? ಕಾಗದದ ಸೈಜು ತಪ್ಪಿರ್ಬೇಕು, ಹೋಗಿ ಸರಿಯಾಗಿ ತಗೋ."

"ಇದು ಇರೋದೇ ಹೀಗೆ. ನೀವು ತೆಗೆದಿದ್ದು ಹೀಗೇನೇ. ಬಹಳ ದಿನದಿಂದ ಹೀಗೇ ಬರ್ತಿದೆ ಮಾವ. ನಾನೇ ಸರಿ ಮಾಡಿ ಮಾಡಿ ಕೊಡ್ತಿದ್ದೆ. ಬನ್ನಿ, ಕಂಪ್ಯೂಟರಲ್ಲಿ ಮೂಲ ಫೋಟೋ ಎಲ್ಲ ಹಾಗೇ ಇವೆ, ತೋರಿಸ್ತೀನಿ."

ಮಾವನ ಮುಖ ಕೆಂಪಗಾಯಿತು. "ಕಂಪ್ಯೂಟರಲ್ಲಾ? ಕಂಪ್ಯೂಟರಲ್ಲಿ ಕತ್ತೆಗೆ ಕೋಡು ಬರಿಸಬಹುದು. ಅದನ್ನ ನಾನು ನಂಬ್ಬೇಕಾ? ಆ ಡಾಕ್ಟರಮ್ಮ ಏನೋ ಅಂದ್ರು, ನೀವು ಗಂಡ ಹೆಂಡ್ತಿ ಸೇರ್ಕೊಂಡು ನನಗೆ ನಾಟಕ ಆಡ್ತಿದೀರಾ? ಔಷಧಿ ಕುಡಿಸೋಕೆ ಮಗುವಿಗೆ ಗುಮ್ಮ ತೋರಿಸ್ದ ಹಾಗೆ?"

ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ. ಸೀದಾ ಪರದೆಯ ಕೋಣೆಗೆ ಹೋಗಿ ದೀಪ ಹಾಕಿದಳು.

"ಕಂಪ್ಯೂಟರ್ ಬೇಡ. ನಿಮ್ಮ ಕ್ಯಾಮೆರಾನೇ ಹೇಳ್ಲಿ. ಬನ್ನಿ."

"ಏನು ಹುಚ್ಚು ಇದು, ಊಟದ ಹೊತ್ತಲ್ಲಿ."

"ಬನ್ನಿ ಮಾವ!"

ಆ ದನಿಗೆ ಮಾವ ಬಂದರು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇದ್ದಲ್ಲೇ ಇತ್ತು. ಅವಳು ಸ್ಟೂಲನ್ನು ನಡುವೆ ಎಳೆದಿಟ್ಟಳು. "ಸ್ಟೂಲನ್ನೇ ನೋಡಿ. ಕಣ್ಣು ಆ ಕಡೆ ಈ ಕಡೆ ಓಡಿಸ್ಬೇಡಿ. ಕ್ಯಾಮೆರಾ ಅಲ್ಲಾಡಿಸ್ಬೇಡಿ. ಏನು ಕಾಣ್ತಿದೆ ಹೇಳಿ."

ಮಾವ ಗೊಣಗುತ್ತ ಬಗ್ಗಿದರು. ಎಡಗಣ್ಣು ಮುಚ್ಚಿದರು. ಅವಳು ಮೆಲ್ಲಗೆ ಸ್ಟೂಲಿನ ಆಚೆ, ಮಾವನ ಎಡಕ್ಕೆ ಸರಿದು ನಿಂತಳು. "ಸ್ಟೂಲು. ಹಿಂದೆ ಪರದೆ. ಇನ್ನೇನಿರತ್ತೆ?"

"ನಾನು?"

"ನೀನೆಲ್ಲಿ? ನೀನು ಆಚೆ ನಿಂತಿದೀಯ, ಚೌಕಟ್ಟಿನ ಹೊರಗೆ. ದನಿ ಬರ್ತಿದೆ ಅಷ್ಟೇ."

"ಕೈ ಎತ್ತಿದೀನಿ ಮಾವ."

"ಎತ್ತು. ಹೊರಗಿದ್ರೆ ಕೈ ಎತ್ತಿದ್ರೂ ಕಾಲು ಎತ್ತಿದ್ರೂ ಒಂದೇ."

"ಈಗ ಕ್ಯಾಮೆರಾ ಅಲ್ಲಾಡಿಸ್ದೆ, ಬರೀ ಕಣ್ಣು ಮಾತ್ರ ಮೆಲ್ಲಗೆ ನನ್ನ ದನಿ ಕಡೆ ತಿರುಗಿಸಿ."

ಮಾವನ ಬೆನ್ನು ಥಟ್ಟನೆ ಸೆಟೆದದ್ದು ಅವಳಿಗೆ ಕಂಡಿತು.

"ನೀನು..." ಅಂದರು. "ನೀನು ಎಲ್ಲಿಂದ ಬಂದೆ?"

"ಇಲ್ಲೇ ಇದ್ದೆ ಮಾವ. ಆಗಿಂದ ಇಲ್ಲೇ ಇದ್ದೀನಿ."

ಮಾವ ಕಣ್ಣನ್ನು ಮತ್ತೆ ಸ್ಟೂಲಿಗೆ ತಂದರು. ಮತ್ತೆ ಅವಳ ಕಡೆ ಒಯ್ದರು. ಮತ್ತೆ ಸ್ಟೂಲಿಗೆ. ಅಷ್ಟು ಹೊತ್ತೂ ಅವಳು ಕೈ ಎತ್ತಿಕೊಂಡೇ ನಿಂತಿದ್ದಳು, ತೋಳು ಸೋತು ಬರುವವರೆಗೆ. ಅವರು ಏನನ್ನು ಪರೀಕ್ಷೆ ಮಾಡುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ಅವರ ಕಣ್ಣಿಗೆ ಅವಳು ಹೋಗುತ್ತಿದ್ದಳು, ಬರುತ್ತಿದ್ದಳು. ಅವಳಿದ್ದ ಜಾಗದಲ್ಲಿ ಪರದೆ, ಸುಕ್ಕಿಲ್ಲದ ನೀಲಿ ಪರದೆ.

ಕೊನೆಗೆ ತಲೆ ಎತ್ತಿ, ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ತಾವೇ ಕೂತರು. "ಯಾವತ್ತಿಂದ?" ಅಂದರು.

"ಆ ಮಾಸ್ತರ ಗುಂಪಿಂದ."

"ತೋರಿಸು."

ಗೂಡಿನಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಮಾವ ಕುರ್ಚಿಯಲ್ಲಿ, ಅವಳು ಮೆಟ್ಟಿಲಿಗೆ ಒರಗಿ. ಒಂದೊಂದಾಗಿ ಮೂಲ ಫೋಟೋ ತೆಗೆದಳು, ಪಕ್ಕದಲ್ಲಿ ತಾನು ಸರಿಮಾಡಿದ್ದು. ಮೊದಮೊದಲು ಮೂಲವನ್ನೇ ನೋಡುತ್ತಿದ್ದ ಮಾವ, ಬರಬರುತ್ತ ಅವಳದ್ದನ್ನು ನೋಡತೊಡಗಿದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಈ ತೋಳು ಎಲ್ಲಿಂದ ತಂದೆ?"

"ಎರಡನೇ ಫೋಟೋದಿಂದ."

"ನೆರಳು ಕೂಡ ಸರಿಯಾಗಿ ಬಿದ್ದಿದೆಯಲ್ಲ... ಇದು? ಈ ಸಾಹುಕಾರರ ಕಿವಿ? ಅವರು ಒಂದೇ ತೆಗೆಸಿದ್ದು, ಎರಡನೇದು ಇರ್ಲಿಲ್ಲ."

ಅವಳು ತಲೆ ತಗ್ಗಿಸಿದಳು. "ಅದು... ನಿಮ್ಮ ಮಗಂದು ಮಾವ."

"ಏನು?"

"ಅವರು ಮಲಗಿದ್ದಾಗ ಕಿವಿ ಫೋಟೋ ತೆಗೆದು ಹಾಕಿಬಿಟ್ಟೆ. ಬೇರೆ ದಾರಿ ಇರ್ಲಿಲ್ಲ."

ಮಾವನ ಹೊಟ್ಟೆ ಕುಲುಕತೊಡಗಿತು. ನಗು ಬಾಯಿಗೆ ಬರುವ ಹೊತ್ತಿಗೆ ಏನಾಯಿತೋ, ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡರು. ಹೆಗಲು ಅಲುಗುತ್ತಿತ್ತು.

"ಒಂದು ಮಾತು ಹೇಳ್ಬಾರ್ದಿತ್ತಾ ಕೂಸೇ?"

"ನೀವು ಬೇಜಾರು ಮಾಡ್ಕೋತೀರ ಅಂತ..."

"ಮಾಡ್ಕೋತಿದ್ದೆ. ಎರಡು ದಿನ ಊಟ ಬಿಡ್ತಿದ್ದೆ, ನಿನ್ನ ಮೇಲೆ ಎಗರಾಡ್ತಿದ್ದೆ. ಕಣ್ಣು ಉಳೀತಿತ್ತಲ್ಲ."

ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಮಾವ ಸಮಾಧಾನ ಮಾಡಲು ಬಾರದ ಗಂಡಸು, ಫ್ಯಾನನ್ನು ಅವಳ ಕಡೆ ತಿರುಗಿಸಿದರು. ಅದು ಸಾಲದೆನಿಸಿರಬೇಕು, ತಲೆಯ ಮೇಲೆ ಒಮ್ಮೆ ಕೈಯಿಟ್ಟರು.

"ಸಾಕು ಸಾಕು. ನನಗೂ ಬುದ್ಧಿ ಬೇಡವಾ? ನೀನು ಹೇಳೋಕೆ ಹೆದರೋ ಹಾಗೆ ಮೆರೆದವನು ನಾನು. ಊರಿಗೆಲ್ಲ ಕೇಳೋ ಹಾಗೆ ಒಂದು ಮಾತ್ರೆ ಬೇಕಾಗಿಲ್ಲ, ಒಂದು ಮಾತ್ರೆ ಬೇಕಾಗಿಲ್ಲ ಅಂತ. ಏಳು. ಆ ಸೀಸೆ ಎಲ್ಲಿದೆ?"

"ರಾತ್ರಿ ಹಾಕ್ಬೇಕು ಅಂದಿದಾರೆ ಮಾವ."

"ರಾತ್ರಿ ಬೇರೆ ಹಾಕು. ಈಗ ಇದು ನಿನ್ನೆಯದು."

ಗಂಡ ಡ್ಯೂಟಿ ಮುಗಿಸಿ ಬಂದಾಗ ಅಪ್ಪ ಗಿರಾಕಿಗಳ ಬೆಂಚಿನ ಮೇಲೆ ಅಂಗಾತ ಮಲಗಿದ್ದರು, ಹೆಂಡತಿ ಅವರ ರೆಪ್ಪೆ ಎಳೆದು ಹಿಡಿದಿದ್ದಳು. ಮೊದಲನೆಯ ಹನಿ ಕಿವಿಗೆ ಹರಿದಿತ್ತು, ಎರಡನೆಯದು ಮೀಸೆಗೆ.

"ಏನಾಯ್ತಪ್ಪಾ?" ಎಂದು ಅವನು ಗಾಬರಿಯಾಗಿ ಓಡಿಬಂದ.

"ಬಾರಪ್ಪಾ ಮಹರಾಯ" ಅಂದರು ಅಪ್ಪ, ಕಣ್ಣು ಕದಲಿಸದೆ. "ನಿನ್ನ ಕಿವಿ ಯಾರ್ಯಾರದೋ ಮನೆ ಗೋಡೆ ಮೇಲೆ ನೇತಾಡ್ತಿದೆಯಂತೆ. ಹೋಗಿ ಇಸ್ಕೊಂಡು ಬಾ."

ಮರುದಿನ ಮಾವ ತಾವೇ ತರಕಾರಿ ಅಂಗಡಿಗೆ ನಡೆದುಹೋದರು. ಸೊಸೆ ಎಷ್ಟು ಹೇಳಿದರೂ ಕೇಳಲಿಲ್ಲ. "ನಂಗೆ ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಬನ್ನಿ" ಎಂದು ಅಜ್ಜಿಗೆ ಹೇಳಿ ಬಂದರು. ಆ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದ ಟೈಲರು ಹೊಲಿಗೆ ನಿಲ್ಲಿಸಿ ಬೀದಿಗೆ ಬಂದು ನಿಂತನಂತೆ.

ಕುಟುಂಬ ಮತ್ತೆ ಬಂತು. ಅಜ್ಜಿ ನಡುವೆ, ದೊಡ್ಡ ಮಗಳು ಎಡಕ್ಕೆ. ಅಭ್ಯಾಸದಂತೆ ಗೂಡಿನ ಕಡೆ ಹೊರಟ ಸೊಸೆಯನ್ನು ಮಾವ, "ಎಲ್ಲಿ ಹೋಗ್ತೀಯ? ಇಲ್ಲಿ ನಿಲ್ಲು, ನನ್ನ ಪಕ್ಕ" ಎಂದು ತಡೆದರು. ಡಾಕ್ಟರು ಎಡಗಣ್ಣು ಇನ್ನೂ ಚೆನ್ನಾಗಿದೆ ಅಂದಿದ್ದರಲ್ಲ, ಆ ಕಣ್ಣನ್ನು ಕಿಂಡಿಗೆ ಇಟ್ಟರು. ಜೀವಮಾನವೆಲ್ಲ ಬಲಗಣ್ಣಲ್ಲಿ ನೋಡಿದವರಿಗೆ ಅದು ಎಡಗೈಯಲ್ಲಿ ಊಟ ಮಾಡಿದಷ್ಟು ಫಜೀತಿ. ಮೂಗು ಅಡ್ಡ ಬಂತು, ಬಲಗಣ್ಣು ಮುಚ್ಚಲೊಲ್ಲದು.

"ಹೇಳಮ್ಮ, ಎಲ್ಲ ಒಳಗಿದಾರಾ?"

ಅವಳು ಬಗ್ಗಿ ಒಂದು ಕ್ಷಣ ಕಿಂಡಿಯಲ್ಲಿ ನೋಡಿದಳು. "ಎಡಗಡೆ ಅಕ್ಕನ ಮೊಣಕೈ ಹೊರಗಿದೆ ಮಾವ."

ಮಾವ ನೋಡಿದರು. "ಒಳಗಿದೆ."

"ಹೊರಗಿದೆ."

"ಒಳಗಿದೆ ಅಂತೀನಿ! ಈ ಕಣ್ಣು ಸರಿಯಾಗಿದೆ ನಂದು, ಡಾಕ್ಟರನ್ನೇ ಕೇಳು."

"ಕಣ್ಣು ಸರಿಯಾಗಿದೆ ಮಾವ, ಮೊಣಕೈ ಹೊರಗಿದೆ."

"ನಾನು ಹುಟ್ಟಿದಾಗಿಂದ ಚೌಕಟ್ಟು ನೋಡ್ತಿದೀನಿ."

"ನಾನು ನಿಮ್ಮ ಎಡಗಡೆ ಅಂಚು ಮಾತ್ರ ನೋಡ್ತಿದೀನಿ. ಹೊರಗಿದೆ."

ದೊಡ್ಡ ಮಗಳು ತಬ್ಬಿಬ್ಬಾಗಿ ತನ್ನ ಮೊಣಕೈಯನ್ನು ತಾನೇ ನೋಡಿಕೊಂಡಳು. ಒಂದು ಹೆಜ್ಜೆ ಒಳಗೆ ಸರಿದು, ಅವ್ವನ ಕುರ್ಚಿಗೆ ಒತ್ತಿಕೊಂಡು ನಿಂತಳು. ಮಾವ ಸೊಸೆಯರ ಈ ಜಗಳವನ್ನು ಅಲ್ಲಿಂದಿಲ್ಲಿಗೆ ನೋಡುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವಳು ನಕ್ಕದ್ದಕ್ಕೆ ಮಕ್ಕಳು ನಕ್ಕವು. ಟಕ್ ಅಂದಿತು.

"ಚೆನ್ನಾಗಿ ಬಂತೇನಪ್ಪಾ?" ಎಂದು ಅಜ್ಜಿ ಕೇಳಿದಳು.

ಮಾವ ಸೊಸೆಯ ಮುಖ ನೋಡಿದರು, ಎರಡೂ ಕಣ್ಣು ಬಿಟ್ಟು.

"ಬಂದಿದೆ ಅಜ್ಜಿ" ಅಂದಳು ಅವಳು. "ಎಲ್ಲರೂ ಬಂದಿದೀರಿ."